ಬೀಳುವ ಹಲ್ಲೆಂದು ಬಿಡಬೇಡಿ

ಕೆಲವು ತಿಂಗಳ ಹಿಂದೆ ಒಂದು ಸಂಜೆ ಎಂಟು ವರ್ಷದ ಬಾಲಕಿಯೊಬ್ಬಳನ್ನು ಅವಳ ತಾಯಿ ಮತ್ತು ಅಜ್ಜಿ ನನ್ನಲ್ಲಿಗೆ ಕರೆತಂದರು. ಎರಡು ರಾತ್ರಿಗಳಿಂದ ಮಗು ನಿದ್ದೆ ಮಾಡಿರಲಿಲ್ಲ. ಬಲಗೆನ್ನೆ ಊದಿಕೊಂಡಿತ್ತು. ಅಜ್ಜಿ ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟು ನೋಡಿದ್ದರು. ತಂದೆ ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದುಕೊಟ್ಟಿದ್ದರು. ಬಾಯಿ ತೆರೆಸಿ ನೋಡಿದರೆ ಕೆಳದವಡೆಯ ಬಲಭಾಗದ ಕೊನೆಯ ಹಲ್ಲಿನಲ್ಲಿ ಕಡಲೆಕಾಳು ಕೂರುವಷ್ಟು ದೊಡ್ಡ ಕುಳಿ. ಪಕ್ಕದ ಒಸಡಿನಲ್ಲಿ ಕೀವು.

"ತೆಗೆದುಬಿಡಿ ಡಾಕ್ಟ್ರೇ. ಹಾಲುಹಲ್ಲು ತಾನೇ, ಮತ್ತೆ ಬರುತ್ತಲ್ಲ" ಎಂದರು ತಾಯಿ.

"ಇದು ಹಾಲುಹಲ್ಲಲ್ಲಮ್ಮ. ತೆಗೆದರೆ ಇನ್ನೊಂದು ಬರುವುದಿಲ್ಲ."

ಆಕೆ ನಂಬಲಿಲ್ಲ. "ಆ ಕಡೆ ಅವಳಿಗೆ ಹಿಂದಿನ ಹಲ್ಲು ಯಾವುದೂ ಬಿದ್ದೇ ಇಲ್ಲವಲ್ಲ! ಹಳೆಯದು ಬೀಳದೆ ಹೊಸದು ಹೇಗೆ ಬರುತ್ತೆ?"

ತರ್ಕದಲ್ಲಿ ತಪ್ಪಿಲ್ಲ. ಹಾಲುಹಲ್ಲು ಬೀಳುತ್ತದೆ, ಆ ಜಾಗದಲ್ಲಿ ಹೊಸ ಹಲ್ಲು ಹುಟ್ಟುತ್ತದೆ ಎಂದೇ ನಾವೆಲ್ಲ ತಿಳಿದಿದ್ದೇವೆ. ಆದರೆ ಮಕ್ಕಳ ಬಾಯಲ್ಲಿ ಯಾವ ಹಲ್ಲನ್ನೂ ಬೀಳಿಸದೆ ಬಂದು ಕೂರುವ ಶಾಶ್ವತ ಹಲ್ಲುಗಳಿವೆ. ಜೀವಮಾನವಿಡೀ ಅಗಿಯುವ ಕೆಲಸದ ದೊಡ್ಡ ಪಾಲನ್ನು ಹೊರಬೇಕಾದ ಹಲ್ಲುಗಳು ಅವೇ. ಮತ್ತು ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಹುಳುಕು ಹಿಡಿಯುವ ಶಾಶ್ವತ ಹಲ್ಲುಗಳೂ ಅವೇ.

ಸದ್ದಿಲ್ಲದೆ ಬರುವ ಹಲ್ಲು

ಮಗುವಿಗೆ ಆರು ವರ್ಷ ತುಂಬುವ ವೇಳೆಗೆ ಕೆಳಗಿನ ಮುಂದಿನ ಹಾಲುಹಲ್ಲುಗಳು ಅಲ್ಲಾಡತೊಡಗುತ್ತವೆ. ಮನೆಯಲ್ಲಿ ಅದು ದೊಡ್ಡ ಸುದ್ದಿ. ಬಿದ್ದ ಹಲ್ಲನ್ನು ಸಗಣಿಯ ಉಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೆಯುವ ಸಂಭ್ರಮ ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. (ತಾರಸಿ ಮನೆಯವರು ಏನು ಮಾಡುತ್ತಾರೋ ತಿಳಿಯದು.) ಎಲ್ಲರ ಗಮನ ಮುಂದಿನ ಬೊಕ್ಕುಬಾಯಿಯ ಮೇಲಿರುವಾಗಲೇ, ಬಾಯಿಯ ಹಿಂಬದಿಯಲ್ಲಿ, ಕೊನೆಯ ಹಾಲುಹಲ್ಲಿನ ಹಿಂದೆ, ಬೆಳೆಯುತ್ತಿರುವ ದವಡೆಯ ಹೊಸ ಜಾಗದಲ್ಲಿ ನಾಲ್ಕು ಹಲ್ಲುಗಳು ಮೂಡುತ್ತವೆ. ಮೇಲೆರಡು, ಕೆಳಗೆರಡು. ಇವು ಮೊದಲನೆಯ ಶಾಶ್ವತ ದವಡೆ ಹಲ್ಲುಗಳು. ಯಾವ ಹಲ್ಲೂ ಬೀಳದ ಕಾರಣ ಇವು ಬಂದದ್ದು ಮನೆಯವರಿಗೆ ತಿಳಿಯುವುದೇ ಇಲ್ಲ.

ಗುರುತಿಸುವುದು ಕಷ್ಟವಲ್ಲ. ಬಾಯಿಯ ನಟ್ಟನಡುವಿನಿಂದ ಒಂದು ಬದಿಗೆ ಹಲ್ಲುಗಳನ್ನು ಎಣಿಸುತ್ತಾ ಹೋಗಿ. ಹಾಲುಹಲ್ಲುಗಳು ಪ್ರತಿ ಬದಿಗೆ ಐದೇ. ಆರನೆಯದೊಂದು ಇದ್ದರೆ ಅದು ಶಾಶ್ವತ ಹಲ್ಲು. ಆರನೇ ವರ್ಷಕ್ಕೆ ಬರುವ ಆರನೇ ಹಲ್ಲು ಎಂದು ನೆನಪಿಟ್ಟುಕೊಂಡರೆ ಸಾಕು.

ಈ ಹಲ್ಲು ಬೇಗ ಹುಳುಕಾಗಲು ಕಾರಣಗಳಿವೆ. ಇದರ ಅಗಿಯುವ ಮೇಲ್ಮೈಯಲ್ಲಿ ಆಳವಾದ, ಇಕ್ಕಟ್ಟಾದ ಗೀರುಗಳಿರುತ್ತವೆ. ಬ್ರಶ್ಶಿನ ಒಂದೊಂದು ಎಳೆಯೂ ಆ ಗೀರಿಗಿಂತ ದಪ್ಪ. ಹೀಗಾಗಿ ಆಹಾರದ ಕಣ ಒಳಗೆ ಹೋಗುತ್ತದೆ, ಬ್ರಶ್ಶು ಹೋಗುವುದಿಲ್ಲ. ಮೇಲಾಗಿ ಹೊಸ ಹಲ್ಲು ಪಕ್ಕದ ಹಲ್ಲುಗಳ ಮಟ್ಟಕ್ಕೆ ಏರಲು ಅನೇಕ ತಿಂಗಳು ಬೇಕು. ಅಲ್ಲಿಯವರೆಗೆ ತಗ್ಗಿನಲ್ಲಿರುವ ಅದನ್ನು ಬ್ರಶ್ಶು ಸವರಿಕೊಂಡು ಮುಂದೆ ಹೋಗುತ್ತದೆ. ಆಗಷ್ಟೇ ಹುಟ್ಟಿದ ಹಲ್ಲಿನ ಎನಾಮಲ್, ಎಂದರೆ ಹೊರಗಿನ ಗಟ್ಟಿ ಪದರ, ಪೂರ್ತಿ ಬಲಿತಿರುವುದೂ ಇಲ್ಲ.

ನನ್ನಲ್ಲಿಗೆ ಬಂದ ಬಾಲಕಿಯ ಹಲ್ಲು ಬಾಯಿಗೆ ಬಂದು ಎರಡು ವರ್ಷವೂ ಆಗಿದ್ದಿರಲಾರದು.

ಟವಲು ಹಾಕಿ ಹಿಡಿದ ಸೀಟು

ಹಾಗಾದರೆ ನಿಜವಾದ ಹಾಲುಹಲ್ಲು ಹುಳುಕಾದರೆ ಚಿಂತೆಯಿಲ್ಲವೇ? ಪಾಲಕರಲ್ಲಿ ಬೇರೂರಿರುವ ಈ ಭಾವನೆಯೇ ಉಳಿದ ತೊಂದರೆಗಳ ಮೂಲ.

ಹಾಲುಹಲ್ಲುಗಳು ಒಟ್ಟು ಇಪ್ಪತ್ತು. ಇವು ರೂಪುಗೊಳ್ಳಲು ತೊಡಗುವುದು ಮಗು ತಾಯಿಯ ಗರ್ಭದಲ್ಲಿರುವಾಗಲೇ. ಸುಮಾರು ಆರನೇ ತಿಂಗಳಿನಲ್ಲಿ ಕೆಳಗಿನ ಬಾಚಿಹಲ್ಲುಗಳು ಕಾಣಿಸಿಕೊಂಡು, ಎರಡೂವರೆ ಮೂರು ವರ್ಷದೊಳಗೆ ಇಪ್ಪತ್ತೂ ಬಂದಿರುತ್ತವೆ. ಕೆಲವು ಮಕ್ಕಳಲ್ಲಿ ಮೊದಲ ಹಲ್ಲು ವರ್ಷದ ಹೊತ್ತಿಗೆ ಬರುವುದೂ ಉಂಟು, ಗಾಬರಿಪಡಬೇಕಾಗಿಲ್ಲ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆಯಾದರೂ ಹಿಂದಿನ ಹಾಲುದವಡೆ ಹಲ್ಲುಗಳು ಬೀಳುವುದು ಹತ್ತರಿಂದ ಹನ್ನೆರಡನೇ ವಯಸ್ಸಿನಲ್ಲಿ. ನಾಲ್ಕು ವರ್ಷದ ಮಗುವಿನ ದವಡೆ ಹಲ್ಲು ಹುಳುಕಾಗಿದೆ ಎಂದುಕೊಳ್ಳಿ. "ಹೇಗಿದ್ದರೂ ಬೀಳುತ್ತದೆ" ಎಂದು ಬಿಟ್ಟರೆ, ಅದು ಬೀಳುವವರೆಗೆ ಇನ್ನೂ ಆರೇಳು ವರ್ಷ ಮಗು ಅದೇ ಹಲ್ಲಿನಲ್ಲಿ ಉಣ್ಣಬೇಕು.

ಅಷ್ಟು ವರ್ಷ ಹುಳುಕು ಸುಮ್ಮನಿರುವುದಿಲ್ಲ. ಹಾಲುಹಲ್ಲಿನ ಎನಾಮಲ್ ಶಾಶ್ವತ ಹಲ್ಲಿನದರ ಸುಮಾರು ಅರ್ಧದಷ್ಟು ಮಾತ್ರ ದಪ್ಪ. ಒಳಗೆ ನರ ಹಾಗೂ ರಕ್ತನಾಳಗಳಿರುವ ತಿರುಳು ಮಾತ್ರ ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಆದ್ದರಿಂದ ದೊಡ್ಡವರ ಹಲ್ಲಿನಲ್ಲಿ ನಿಧಾನವಾಗಿ ಇಳಿಯುವ ಹುಳುಕು ಮಗುವಿನ ಹಲ್ಲಿನಲ್ಲಿ ಕೆಲವೇ ತಿಂಗಳಲ್ಲಿ ತಿರುಳನ್ನು ಮುಟ್ಟಬಲ್ಲದು. ಆಮೇಲೆ ನೋವು, ಬಾವು, ಕೀವು. ಹಾಲುಹಲ್ಲಿನ ಬೇರಿನ ಬುಡದಲ್ಲಿಯೇ ಅದರ ಉತ್ತರಾಧಿಕಾರಿಯಾದ ಶಾಶ್ವತ ಹಲ್ಲು ರೂಪುಗೊಳ್ಳುತ್ತಿರುತ್ತದೆ. ಕೀವು ಅಲ್ಲಿಗೆ ತಲುಪಿದರೆ ಹೊಸ ಹಲ್ಲು ಕಲೆಯಾಗಿ, ಕೆಲವೊಮ್ಮೆ ಕುಳಿಯೊಡನೆಯೇ ಹುಟ್ಟುವುದುಂಟು.

ಇನ್ನು ಜಾಗದ ಪ್ರಶ್ನೆ. ಬಸ್ಸಿನ ಕಿಟಕಿಯಿಂದ ಟವಲು ಹಾಕಿ ಸೀಟು ಹಿಡಿಯುವುದು ನಮಗೆಲ್ಲ ಗೊತ್ತು. ಹಾಲುಹಲ್ಲು ಶಾಶ್ವತ ಹಲ್ಲಿಗಾಗಿ ಹಾಗೆ ಹಾಕಿಟ್ಟ ಟವಲು. ಅವಧಿಗೆ ಮುಂಚೆ ಅದನ್ನು ಕಿತ್ತರೆ ಹಿಂದಿನ ಆರನೇ ಹಲ್ಲು ಮುಂದಕ್ಕೆ ಸರಿದು ಆ ಜಾಗದಲ್ಲಿ ಕೂರುತ್ತದೆ. ಹತ್ತು ಹನ್ನೊಂದನೇ ವರ್ಷಕ್ಕೆ ಬರಬೇಕಾದ ಹಲ್ಲಿಗೆ ಜಾಗವಿರುವುದಿಲ್ಲ. ಅದು ಒಳಗೋ ಹೊರಗೋ ಓರೆಯಾಗಿ ಹುಟ್ಟುತ್ತದೆ, ಇಲ್ಲವೇ ಮೂಳೆಯೊಳಗೆ ಸಿಕ್ಕಿಬೀಳುತ್ತದೆ. ಮುಂದೆ ಮದುವೆಯ ವಯಸ್ಸಿಗೆ ಬಂದ ಮಕ್ಕಳಿಗೆ ಸಾವಿರಾರು ರೂಪಾಯಿ ಸುರಿದು ತಂತಿ ಹಾಕಿಸುವ ಪಾಲಕರಲ್ಲಿ ಕೆಲವರಾದರೂ, ಹಿಂದೆ ಒಂದು ಹಾಲುಹಲ್ಲನ್ನು ಹಗುರವಾಗಿ ಕೀಳಿಸಿದವರೇ ಆಗಿರುತ್ತಾರೆ. ಹಾಲುಹಲ್ಲು ಕೀಳಲೇಬೇಕಾಗಿ ಬಂದಾಗ ಜಾಗವನ್ನು ಕಾಯುವ ಸಣ್ಣ ತಂತಿಯ ಸಾಧನ ಹಾಕಿಸಬಹುದು. ಕೀಳಿಸುವ ಮೊದಲು ವೈದ್ಯರನ್ನು ಇದರ ಬಗ್ಗೆ ಕೇಳಿ.

ನೋವಿರುವ ಮಗು ಒಂದೇ ಬದಿಯಲ್ಲಿ ಅಗಿಯುತ್ತದೆ, ಚಪಾತಿ, ತರಕಾರಿ ಬೇಡವೆಂದು ಮೆತ್ತಗಿನದನ್ನೇ ಬಯಸುತ್ತದೆ, ರಾತ್ರಿ ಎದ್ದು ಅಳುತ್ತದೆ. "ಊಟಕ್ಕೆ ಹಟ ಮಾಡುತ್ತಾನೆ" ಎಂದು ಮಕ್ಕಳ ವೈದ್ಯರಲ್ಲಿಗೆ ಟಾನಿಕ್ ಬರೆಸಿಕೊಳ್ಳಲು ಹೋದ ಎಷ್ಟೋ ಮಕ್ಕಳ ಬಾಯನ್ನು ಯಾರೂ ತೆರೆಸಿ ನೋಡಿರುವುದಿಲ್ಲ. ಇದೇನೂ ಅಪರೂಪದ ಸಂಗತಿಯಲ್ಲ. ಭಾರತೀಯ ದಂತವೈದ್ಯ ಪರಿಷತ್ತು 2002-03ರಲ್ಲಿ ದೇಶದಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಳುಕು ಹಲ್ಲುಗಳಿದ್ದವು.

ಹುಳವೂ ಇಲ್ಲ, ಮಂತ್ರವೂ ಬೇಡ

ಹುಳುಕು ಎಂಬ ಮಾತಿನಲ್ಲೇ ಹುಳು ಅಡಗಿದೆ. ಹಲ್ಲಿನ ಹುಳ ತೆಗೆಯುತ್ತೇವೆಂದು ಜಾತ್ರೆ, ಸಂತೆಗಳಲ್ಲಿ ಹೊಗೆ ಹಾಕಿ, ಹತ್ತಿಯಲ್ಲಿ ಬಿಳಿ ಹುಳ ತೋರಿಸುವವರನ್ನು ನೀವೂ ನೋಡಿರಬಹುದು. ಆ ಹುಳ ಹಲ್ಲಿನದಲ್ಲ, ಅವರ ಕೈಚಳಕದ್ದು. ಹಲ್ಲಿನಲ್ಲಿ ಹುಳ ಇರುವುದಿಲ್ಲ. ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ಡಬ್ಲ್ಯು.ಡಿ. ಮಿಲ್ಲರ್ 1890ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ನಿಜ ಕಾರಣವನ್ನು ವಿವರಿಸಿದರು. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ, ಪಿಷ್ಟಗಳನ್ನು ತಿಂದು ಆಮ್ಲವನ್ನು ಉತ್ಪಾದಿಸುತ್ತವೆ. ಆ ಆಮ್ಲ ಎನಾಮಲ್‌ನ ಸುಣ್ಣದ ಅಂಶವನ್ನು ಕರಗಿಸುತ್ತದೆ.

ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಈ ಆಮ್ಲದಾಳಿ ಶುರುವಾಗುತ್ತದೆ. ಜೊಲ್ಲು ಅದನ್ನು ತೊಳೆದು ಶಮನಗೊಳಿಸಲು ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ಬಳಿಕ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮೊದಲಾದ ಲವಣಗಳು ಹಲ್ಲಿಗೆ ಮರಳಿ ಸೇರಿ ಸಣ್ಣಪುಟ್ಟ ನಷ್ಟ ಸರಿಹೋಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲವಾದರೆ ಹಲ್ಲು ತಡೆದುಕೊಂಡೀತು. ಎಂಟು ಹತ್ತು ಸಲವಾದರೆ ಸರಿಪಡಿಸಿಕೊಳ್ಳಲು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ.

ಎಷ್ಟು ತಿಂದರು ಎಂಬುದಕ್ಕಿಂತ ಎಷ್ಟು ಸಲ ತಿಂದರು ಎಂಬುದೇ ಮುಖ್ಯ ಎಂದು ತೋರಿಸಿದ ಪ್ರಯೋಗ ನಡೆದದ್ದು ಸ್ವೀಡನ್ನಿನ ವಿಪೆಹೋಮ್ ಎಂಬಲ್ಲಿ, 1940ರ ದಶಕದ ಮಧ್ಯದಿಂದ ಕೆಲವು ವರ್ಷಗಳ ಕಾಲ. ಬುದ್ಧಿಮಾಂದ್ಯರ ಆಸ್ಪತ್ರೆಯೊಂದರ ನಿವಾಸಿಗಳಿಗೆ ಬೇರೆ ಬೇರೆ ರೀತಿಯಲ್ಲಿ ಸಿಹಿ ಕೊಟ್ಟು ನೋಡಲಾಯಿತು. ಊಟದ ಜೊತೆಗೇ ಸಕ್ಕರೆ ತಿಂದವರಿಗೆ ಹುಳುಕು ಹೆಚ್ಚಾಗಿ ಬರಲಿಲ್ಲ. ಊಟಗಳ ನಡುವೆ ಅಂಟುವ ಮಿಠಾಯಿ ತಿಂದವರ ಹಲ್ಲುಗಳು ಹಾಳಾಗಿಹೋದವು. ಒಪ್ಪಿಗೆ ಕೊಡಲಾಗದ ಅಸಹಾಯಕರ ಮೇಲೆ ನಡೆಸಿದ ಆ ಪ್ರಯೋಗವನ್ನು ಇಂದು ಯಾರೂ ಸಮರ್ಥಿಸಲಾರರು. ಅವರ ಹಲ್ಲುಗಳು ಹಾಳಾಗಿ ನಮಗೆ ದೊರೆತ ತಿಳಿವಳಿಕೆ ಇದು. ಮಕ್ಕಳಿಗೆ ಸಿಹಿಯನ್ನು ಶನಿವಾರಕ್ಕೆ ಮೀಸಲಿಡುವ ಪದ್ಧತಿ ಸ್ವೀಡನ್ನಿನ ಮನೆಗಳಲ್ಲಿ ಬಂದದ್ದು ಆಮೇಲೆ.

ನಮ್ಮ ಮನೆಗಳಿಗೆ ಇದನ್ನು ಅನ್ವಯಿಸಿ ನೋಡಿ. ಹಬ್ಬದ ಊಟದಲ್ಲಿ ಮಗು ಎರಡು ಹೋಳಿಗೆ ತಿಂದರೆ ನಾನು ಬೇಡವೆನ್ನುವುದಿಲ್ಲ. ಆದರೆ ಬೆಳಿಗ್ಗೆ ಹಾಲಿನಲ್ಲಿ ಅದ್ದಿದ ಬಿಸ್ಕತ್ತು, ಶಾಲೆಯ ವಿರಾಮದಲ್ಲಿ ಕ್ರೀಂ ಬಿಸ್ಕತ್ತು, ಮನೆಗೆ ಬಂದೊಡನೆ ಬನ್ನು, ಅಂಗಡಿಗೆ ಹೋದಾಗ ಚಿಲ್ಲರೆಗೆ ಬದಲು ಕೊಟ್ಟ ಚಾಕಲೇಟು, ಟೀವಿಯ ಮುಂದೆ ಚಿಪ್ಸು, ಮಲಗುವಾಗ ಸಕ್ಕರೆ ಹಾಕಿದ ಹಾಲು - ಇದು ಬಹಳಷ್ಟು ಮಕ್ಕಳ ದಿನಚರಿ. ಇದರಲ್ಲಿ ಪಾಲಕರ ಕಣ್ಣಿಗೆ ಬೀಳುವ ಅಪರಾಧಿ ಚಾಕಲೇಟು ಒಂದೇ. ಹಲ್ಲಿನ ಗೀರಿನಲ್ಲಿ ಅಂಟಿಕೊಂಡು ಬಹಳ ಹೊತ್ತು ಉಳಿಯುವ ಬಿಸ್ಕತ್ತನ್ನು ಯಾರೂ ಸಿಹಿತಿಂಡಿಯೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೆಲ್ಲ ಒಳ್ಳೆಯದು, ಜೇನು ಒಳ್ಳೆಯದು ಎಂಬ ವಾದವೂ ಇದೆ. ಹಲ್ಲಿನ ಮಟ್ಟಿಗೆ ಇವಕ್ಕೂ ಸಕ್ಕರೆಗೂ ವ್ಯತ್ಯಾಸವಿಲ್ಲ. ಒಂದು ವರ್ಷದೊಳಗಿನ ಮಗುವಿಗಂತೂ ಜೇನುತುಪ್ಪ ನೆಕ್ಕಿಸಲೇಬಾರದು. ಅದಕ್ಕೆ ಹಲ್ಲಿಗೆ ಸಂಬಂಧವಿಲ್ಲದ, ಇನ್ನೂ ಗಂಭೀರವಾದ ಸೋಂಕಿನ ಕಾರಣವಿದೆ.

ಸಂಜೆ ಹಸಿದ ಮಗುವಿಗೆ ಹುರಿಗಡಲೆ, ಕಡಲೆಕಾಯಿ, ಸೌತೆಕಾಯಿ, ಸೀಬೆಹಣ್ಣು, ಒಂದು ದೋಸೆ ಯಾವುದಾದರೂ ಆದೀತು. ಪುಟ್ಟ ಮಕ್ಕಳಿಗೆ ಕಾಳುಗಳನ್ನು ಇಡಿಯಾಗಿ ಕೊಡದೆ ಪುಡಿಮಾಡಿ ಕೊಡಿ, ಗಂಟಲಿಗೆ ಸಿಕ್ಕೀತು. ಬಾಯಾರಿದರೆ ನೀರು. ಸಿಹಿ ಕೊಡುವುದಿದ್ದರೆ ಊಟದ ಜೊತೆಗೇ ಕೊಟ್ಟು ಮುಗಿಸಿಬಿಡಿ.

ಮಲಗುವ ಬಾಯಲ್ಲಿ ಬಾಟಲಿ

ಎರಡು ಮೂರು ವರ್ಷದ ಮಕ್ಕಳ ಮೇಲಿನ ಮುಂದಿನ ನಾಲ್ಕು ಹಲ್ಲುಗಳು ಕರಗಿ ಕಂದು ಬಣ್ಣದ ಮೊಳೆಗಳಂತೆ ನಿಂತಿರುವುದನ್ನು ನೋಡಿರಬಹುದು. ಮನೆಯವರು "ಹುಟ್ಟಿನಿಂದಲೇ ಹಲ್ಲು ಸರಿಯಿಲ್ಲ" ಎನ್ನುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಕಾರಣ ಹಾಲಿನ ಬಾಟಲಿ. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ಬಹಳ ಕಡಿಮೆಯಾಗುತ್ತದೆ, ನುಂಗುವುದೂ ಕಡಿಮೆ. ಸಕ್ಕರೆ ಹಾಕಿದ ಹಾಲು ಮೇಲಿನ ಹಲ್ಲುಗಳ ಸುತ್ತ ರಾತ್ರಿಯಿಡೀ ನಿಂತಿರುತ್ತದೆ. ಕೆಳಗಿನ ಮುಂದಿನ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಳ್ಳುವುದರಿಂದ ಅವು ಉಳಿದುಕೊಳ್ಳುತ್ತವೆ.

ಮಲಗಿಸುವಾಗ ಬಾಟಲಿ ಬೇಡ. ಬಿಡಿಸಲು ಸಾಧ್ಯವಾಗದಿದ್ದರೆ ದಿನದಿನಕ್ಕೆ ಹಾಲಿಗೆ ನೀರು ಹೆಚ್ಚಿಸುತ್ತಾ ಹೋಗಿ, ಕೊನೆಗೆ ಬರಿಯ ನೀರಿಗೆ ಬನ್ನಿ. ನಾಲ್ಕು ರಾತ್ರಿ ಅಳು ಇದ್ದದ್ದೇ. ಒಂದು ವರ್ಷವಾದ ಮೇಲೆ ಲೋಟದಲ್ಲಿ ಕುಡಿಯುವುದನ್ನು ಕಲಿಸಬೇಕು. ಎದೆಹಾಲು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಎರಡು ವರ್ಷದವರೆಗೂ, ಆನಂತರವೂ ಕೊಡಬಹುದು. ಹಲ್ಲು ಬಂದ ಮಗುವಿನ ಬಾಯನ್ನು ರಾತ್ರಿ ಮಲಗುವ ಮೊದಲು ಶುಚಿ ಮಾಡಿದರೆ ಸರಿ. ಪದೇಪದೇ ಸಿಹಿ ಸಿರಪ್ ಔಷಧಿ ಕುಡಿಯಬೇಕಾದ ಮಕ್ಕಳಿಗೂ ಔಷಧಿಯ ನಂತರ ನೀರು ಕುಡಿಸುವುದು ಒಳ್ಳೆಯದು.

ಬ್ರಶ್ಶು ಯಾರ ಕೈಯಲ್ಲಿ?

ಮೊದಲ ಹಲ್ಲು ಕಂಡ ದಿನದಿಂದಲೇ ಹಲ್ಲುಜ್ಜಬೇಕು. ಮೂರು ವರ್ಷದೊಳಗಿನ ಮಗುವಿಗೆ ಪುಟ್ಟ ಮೆತ್ತನೆಯ ಬ್ರಶ್ಶಿನ ಮೇಲೆ ಅಕ್ಕಿಕಾಳಿನಷ್ಟು ಪೇಸ್ಟು, ಮೂರರಿಂದ ಆರು ವರ್ಷದವರೆಗೆ ಬಟಾಣಿಕಾಳಿನಷ್ಟು. ಜಾಹೀರಾತಿನಲ್ಲಿ ಬ್ರಶ್ಶಿನ ಉದ್ದಕ್ಕೂ ಅಲೆಯಂತೆ ಹಾಕಿ ತೋರಿಸುವುದು ಪೇಸ್ಟು ಬೇಗ ಮುಗಿಯಲಿ ಎಂದಿರಬೇಕು. ಮಕ್ಕಳ ಪೇಸ್ಟು ಎಂದು ಚಿತ್ರ ಹಾಕಿ ಮಾರುವ ಕೆಲವು ಟ್ಯೂಬುಗಳಲ್ಲಿ ಫ್ಲೋರೈಡ್ ಇರುವುದೇ ಇಲ್ಲ. ಸ್ಟ್ರಾಬೆರಿ ವಾಸನೆ ಮಾತ್ರ. ಟ್ಯೂಬಿನ ಹಿಂಭಾಗದಲ್ಲಿ ಫ್ಲೋರೈಡ್ ಪ್ರಮಾಣ 1000 ಪಿಪಿಎಂ ಆಸುಪಾಸು ಇದೆಯೇ ಎಂದು ಓದಿ ನೋಡಿ ಕೊಳ್ಳಿ. ಉಜ್ಜಿದ ಮೇಲೆ ನೊರೆಯನ್ನು ಉಗುಳಿದರೆ ಸಾಕು. ಲೋಟಗಟ್ಟಲೆ ನೀರಿನಲ್ಲಿ ಮುಕ್ಕಳಿಸಿದರೆ ಹಲ್ಲಿಗೆ ಅಂಟಿದ ಫ್ಲೋರೈಡ್ ಕೂಡ ಹೋಗಿಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು: ಏಳೆಂಟು ವರ್ಷದವರೆಗೆ ಉಜ್ಜುವ ಕೆಲಸ ದೊಡ್ಡವರದು. ಮಗು ತಾನೇ ಉಜ್ಜುತ್ತೇನೆಂದು ಹಟ ಹಿಡಿದರೆ ಉಜ್ಜಲಿ, ಆಮೇಲೆ ನೀವೊಮ್ಮೆ ಉಜ್ಜಿ. ಮಗುವನ್ನು ನಿಮ್ಮ ಮುಂದೆ ಬೆನ್ನು ಮಾಡಿ ನಿಲ್ಲಿಸಿಕೊಂಡು, ತಲೆಯನ್ನು ನಿಮ್ಮ ಎದೆಗೆ ಒರಗಿಸಿ, ಎಡಗೈಯಿಂದ ತುಟಿ ಎತ್ತಿ ಬಲಗೈಯಿಂದ ಉಜ್ಜುವುದು ಸುಲಭ. ಆರನೇ ಹಲ್ಲು ಏಳುತ್ತಿರುವ ತಿಂಗಳುಗಳಲ್ಲಿ ಬ್ರಶ್ಶನ್ನು ಕೆನ್ನೆಯ ಕಡೆಯಿಂದ ಅಡ್ಡಲಾಗಿ ಹಾಕಿ ಆ ತಗ್ಗಿನ ಹಲ್ಲನ್ನು ಪ್ರತ್ಯೇಕವಾಗಿ ಉಜ್ಜಬೇಕು.

ದಿನಕ್ಕೆ ಎರಡು ಬಾರಿ ಎಂದು ಎಲ್ಲರಿಗೂ ಗೊತ್ತು. ಒಂದೇ ಬಾರಿ ಸಾಧ್ಯ ಎನ್ನುವವರಿಗೆ ನಾನು ರಾತ್ರಿಯದನ್ನು ಉಳಿಸಿಕೊಳ್ಳಿ ಎನ್ನುತ್ತೇನೆ. ನಮ್ಮ ಸಂಪ್ರದಾಯದಲ್ಲಿ ಹಲ್ಲುಜ್ಜುವುದು ಬೆಳಗಿನ ಶೌಚದ ಭಾಗ. ರಾತ್ರಿ ಊಟವಾದ ಮೇಲೆ ಉಜ್ಜುವ ರೂಢಿ ಇಲ್ಲವೆಂದೇ ಹೇಳಬೇಕು. ಹುಳುಕಿಗೆ ಬೇಕಾದದ್ದು ಆ ಎಂಟು ಗಂಟೆಗಳೇ.

ಇದ್ದಿಲು, ಇಟ್ಟಿಗೆ ಪುಡಿ, ಉಪ್ಪುಗಳಿಂದ ಉಜ್ಜಿದರೆ ಹಲ್ಲು ಬೆಳ್ಳಗಾದಂತೆ ಕಾಣುವುದು ಎನಾಮಲ್ ಸವೆಯುವುದರಿಂದ. ಬೇವಿನ ಕಡ್ಡಿಯ ಬಗ್ಗೆ ನನಗೆ ತಕರಾರಿಲ್ಲ, ಆದರೆ ಐದು ವರ್ಷದ ಮಗು ಅದರಿಂದ ಹಿಂದಿನ ಹಲ್ಲುಗಳನ್ನು ಮುಟ್ಟಲಾರದು. ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಗಳನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ. ಹಾಗಿದ್ದೂ ಅಜ್ಜಿಯ ನಶ್ಯದ ಡಬ್ಬಿಯಿಂದ ಮೊಮ್ಮಗಳ ಹಲ್ಲುನೋವಿಗೆ ಒಂದು ಚಿಟಿಕೆ ಹಚ್ಚುವ ಮನೆಗಳಿವೆ. ಚಟ ಶುರುವಾಗುವುದು ಹೀಗೂ ಉಂಟು.

ಕೋಲಾರ, ಪಾವಗಡದ ತಾಯಂದಿರಿಗೆ

ಫ್ಲೋರೈಡ್ ಎಂದ ಕೂಡಲೇ ನಮ್ಮ ಬಯಲುಸೀಮೆಯ ಓದುಗರು ಹುಬ್ಬೇರಿಸುತ್ತಾರೆ. ಅದು ಸರಿಯೇ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳು, ತುಮಕೂರು ಜಿಲ್ಲೆಯ ಪಾವಗಡ, ಚಿತ್ರದುರ್ಗ, ರಾಯಚೂರು, ಕೊಪ್ಪಳ, ಗದಗ ಜಿಲ್ಲೆಗಳ ಅನೇಕ ಊರುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿಯೇ ಫ್ಲೋರೈಡ್ ಅತಿಯಾಗಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂದು ನಮ್ಮ ಭಾರತೀಯ ಮಾನಕ ಹೇಳುತ್ತದೆ. ಇದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಶಾಶ್ವತ ಹಲ್ಲುಗಳು ಸುಣ್ಣದಂಥ ಬಿಳಿ ಮಚ್ಚೆ, ಕಂದು ಪಟ್ಟೆಗಳೊಂದಿಗೆ ಹುಟ್ಟುತ್ತವೆ. ಬಹಳ ವರ್ಷ ಕುಡಿದರೆ ಮೂಳೆಗಳೂ ಬಿಗಿಯುತ್ತವೆ.

ಸ್ವಾರಸ್ಯವೆಂದರೆ, ಫ್ಲೋರೈಡಿನ ಉಪಕಾರ ಜಗತ್ತಿಗೆ ತಿಳಿದದ್ದೂ ಇಂಥ ಕಲೆಹಲ್ಲುಗಳಿಂದಲೇ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಬಂದ ಯುವ ದಂತವೈದ್ಯ ಫ್ರೆಡರಿಕ್ ಮೆಕೇ, ಅಲ್ಲಿನವರ ಹಲ್ಲುಗಳೆಲ್ಲ ಕಂದಾಗಿರುವುದನ್ನು ಕಂಡು ಕಾರಣ ಹುಡುಕಲು ಹೊರಟರು. ಕಾರಣ ನೀರಿನಲ್ಲಿರುವ ಫ್ಲೋರೈಡ್ ಎಂದು ಗೊತ್ತಾಗಲು 1931 ಬರಬೇಕಾಯಿತು. ಈ ನಡುವೆ ಮೆಕೇ ಗಮನಿಸಿದ ಇನ್ನೊಂದು ಸಂಗತಿ, ಆ ಕಲೆಹಲ್ಲುಗಳಿಗೆ ಹುಳುಕು ಬರುವುದು ಬಹಳ ಕಡಿಮೆ ಎಂಬುದು. ಸ್ವಲ್ಪವಿದ್ದರೆ ಕಾವಲು, ಹೆಚ್ಚಾದರೆ ಕಲೆ.

ಆದ್ದರಿಂದ ಇಂಥ ಊರುಗಳಲ್ಲಿ ಮೊದಲು ನೀರನ್ನು ವಿಚಾರಿಸಬೇಕು. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ ಸಂಗ್ರಹಿಸಿದ ಮಳೆನೀರನ್ನೋ ಕುಡಿಯಲು ಮಾತ್ರವಲ್ಲ, ಅಡುಗೆಗೂ ಬಳಸಬೇಕು. ಘಟಕ ಕೆಟ್ಟು ನಿಂತಿದ್ದರೆ ಪಂಚಾಯಿತಿಯವರ ಬೆನ್ನು ಬೀಳುವುದೂ ಮಕ್ಕಳ ಆರೋಗ್ಯ ರಕ್ಷಣೆಯ ಕೆಲಸವೇ. ಉಗುಳಲು ಬಾರದ ಪುಟ್ಟ ಮಕ್ಕಳಿಗೆ ಯಾವ ಪೇಸ್ಟು, ಎಷ್ಟು ಎಂಬುದನ್ನು ಅಲ್ಲಿನ ದಂತವೈದ್ಯರನ್ನು ಕೇಳಿಯೇ ನಿರ್ಧರಿಸಿ. ಉಳಿದ ಊರುಗಳಲ್ಲಿ ಈ ಭಯಕ್ಕೆ ಆಸ್ಪದವಿಲ್ಲ.

ನೋವು ಬರುವ ಮೊದಲೇ

ಮಗುವನ್ನು ದಂತವೈದ್ಯರಲ್ಲಿಗೆ ಮೊದಲು ಕರೆದೊಯ್ಯಬೇಕಾದದ್ದು ಯಾವಾಗ? ಮೊದಲ ಹುಟ್ಟುಹಬ್ಬದೊಳಗೆ. ಇದನ್ನು ಹೇಳಿದಾಗ ನಗುವವರೇ ಹೆಚ್ಚು. ನೋವಿಲ್ಲದೆ ಬಂದ ಮಗು ಕುರ್ಚಿಯ ಮೇಲೆ ಆಡಿ, ಬಾಯಿ ತೋರಿಸಿ ಹೋಗುತ್ತದೆ. ಮುಖ ಊದಿಸಿಕೊಂಡು ಬಂದ ಮಗುವಿಗೆ ಮೊದಲ ಪರಿಚಯವೇ ಸೂಜಿಯಾದರೆ ಅದರ ಹೆದರಿಕೆ ನಲವತ್ತು ವರ್ಷ ಉಳಿಯುತ್ತದೆ. ಇನ್ನು ಕೆಲವು ಪಾಲಕರು ಊಟ ಮಾಡದಿದ್ದರೆ "ಡಾಕ್ಟರಿಗೆ ಹೇಳಿ ಇಂಜೆಕ್ಷನ್ ಕೊಡಿಸ್ತೀನಿ" ಎಂದು ಹೆದರಿಸುತ್ತಾರೆ. ಮುಂದೆ ನಮ್ಮ ಕೆಲಸ ಎಷ್ಟು ಕಷ್ಟವಾಗುತ್ತದೆಂದು ಅವರಿಗೆ ತಿಳಿಯದು.

ತಿಂಗಳಿಗೊಮ್ಮೆ ಮನೆಯಲ್ಲೇ ಪರೀಕ್ಷಿಸಬಹುದು. ಹಗಲು ಬೆಳಕಿನಲ್ಲಿ ಮಗುವಿನ ಮೇಲ್ದುಟಿ ಎತ್ತಿ, ಹಲ್ಲು ಒಸಡಿಗೆ ಸೇರುವ ಅಂಚನ್ನು ನೋಡಿ. ಅಲ್ಲಿ ಸೀಮೆಸುಣ್ಣದ ಗೀಟಿನಂಥ ಮಂಕು ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಹೆಜ್ಜೆ. ಇನ್ನೂ ಕುಳಿ ಬಿದ್ದಿಲ್ಲ, ನೋವಿಲ್ಲ, ಆದ್ದರಿಂದ ಯಾರೂ ವೈದ್ಯರಲ್ಲಿಗೆ ಹೋಗುವುದಿಲ್ಲ. ಯಾವ ಯಂತ್ರವನ್ನೂ ಬಳಸದೆ ಅದನ್ನು ಹಿಂದಕ್ಕೆ ತಿರುಗಿಸಬಹುದಾದದ್ದು ಆ ಘಟ್ಟದಲ್ಲಿ ಮಾತ್ರ. ಹಲ್ಲಿಗೆ ಫ್ಲೋರೈಡ್ ವಾರ್ನಿಷ್ ಬಳಿಯುತ್ತಾರೆ. ಕೆಲವೇ ನಿಮಿಷದ ಕೆಲಸ, ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು.

ಆರನೇ ಹಲ್ಲಿಗೆ ಇನ್ನೊಂದು ಉಪಾಯವಿದೆ, ಸೀಲೆಂಟ್. ಹಲ್ಲನ್ನು ಶುಚಿಗೊಳಿಸಿ ಒಣಗಿಸಿ, ಅದರ ಗೀರುಗಳಲ್ಲಿ ತೆಳುವಾದ ರಾಳದಂಥ ದ್ರವ ಹರಿಸಿ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಕೊರೆಯುವುದಿಲ್ಲ, ಸೂಜಿಯಿಲ್ಲ. ತಾರಸಿಯ ಬಿರುಕಿಗೆ ಮಳೆಗಾಲಕ್ಕೆ ಮುಂಚೆ ಸಿಮೆಂಟು ಮೆತ್ತಿದಂತೆ. ಹಲ್ಲು ಬಾಯಿಗೆ ಪೂರ್ತಿ ಬಂದ ಕೂಡಲೇ ಮಾಡಿಸಬೇಕು. ಆಗಾಗ ಉದುರಿದೆಯೇ ಎಂದು ನೋಡಿಸಬೇಕು. ಇದರ ಖರ್ಚು ಬೇರುನಾಳದ ಚಿಕಿತ್ಸೆ ಮಾಡಿಸಿ ಕ್ಯಾಪ್ ಹಾಕಿಸುವ ಖರ್ಚಿನ ಸಣ್ಣ ಅಂಶ. ಆದರೂ ಕೇಳಿ ಮಾಡಿಸಿಕೊಳ್ಳುವವರು ಬೆರಳೆಣಿಕೆಯಷ್ಟು. ತಪ್ಪು ನಮ್ಮದೂ ಇದೆ. ನೋವಿಗೆ ಚಿಕಿತ್ಸೆ ಕೊಡುವ ಉತ್ಸಾಹ ಇದನ್ನು ವಿವರಿಸಿ ಹೇಳುವುದರಲ್ಲಿ ನಮಗಿಲ್ಲ.

ಹುಳುಕು ಆಗಲೇ ಬಿದ್ದಿದ್ದು, ಕೊರೆಸಿಕೊಳ್ಳಲು ಮಗು ಒಪ್ಪದಿದ್ದರೆ ಬೆಳ್ಳಿಯ ಅಂಶವುಳ್ಳ ಫ್ಲೋರೈಡ್ ದ್ರವ ಹಚ್ಚಿ ಅದನ್ನು ಅಲ್ಲಿಗೇ ನಿಲ್ಲಿಸುವ ವಿಧಾನವೂ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಒಂದೇ ಕೊರತೆ, ಹುಳುಕಿನ ಭಾಗ ಕಪ್ಪಾಗುತ್ತದೆ. ಹಿಂದಿನ ಹಾಲುಹಲ್ಲಿಗೆ ಅದು ಲೆಕ್ಕವಲ್ಲ.

ಖಾಸಗಿ ಕ್ಲಿನಿಕ್ಕಿನ ಖರ್ಚು ಭರಿಸಲಾಗದವರಿಗೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, ಜಿಲ್ಲಾ ಆಸ್ಪತ್ರೆಗಳ ದಂತ ವಿಭಾಗ, ಹಾಗೂ ರಾಜ್ಯದ ಅನೇಕ ಊರುಗಳಲ್ಲಿರುವ ದಂತ ಕಾಲೇಜುಗಳ ಮಕ್ಕಳ ವಿಭಾಗಗಳಿವೆ. ಕಾಲೇಜುಗಳಲ್ಲಿ ಸರದಿಗಾಗಿ ಕಾಯಬೇಕು, ಆದರೆ ಶುಲ್ಕ ಕಡಿಮೆ, ಮೇಲ್ವಿಚಾರಣೆಗೆ ಹಿರಿಯರಿರುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ವೈದ್ಯರ ತಂಡ ನೋಡಬೇಕಾದ ತೊಂದರೆಗಳಲ್ಲಿ ಹಲ್ಲಿನದೂ ಸೇರಿದೆ. ಅವರು ಬರೆದುಕೊಟ್ಟ ಚೀಟಿಯನ್ನು ಮಗು ಚೀಲದಲ್ಲೇ ಮರೆತಿರಬಹುದು. ಒಮ್ಮೆ ಚೀಲ ನೋಡಿ.

ಆ ಬಾಲಕಿಯ ಹಲ್ಲನ್ನು ಕೀಳಲಿಲ್ಲ. ಕೀವು ತೆಗೆದು, ಎಕ್ಸ್-ರೇ ನೋಡಿ, ಹಲವು ಭೇಟಿಗಳಲ್ಲಿ ಚಿಕಿತ್ಸೆ ಮಾಡಿದ್ದಾಯಿತು. ಆ ಹಲ್ಲು ಎಷ್ಟು ವರ್ಷ ಬಾಳಿಕೆ ಬರುತ್ತದೆಂದು ಹೇಳಲಾರೆ. ಉಳಿದ ಮೂರು ಆರನೇ ಹಲ್ಲುಗಳಲ್ಲಿ ಎರಡಕ್ಕೆ ಸೀಲೆಂಟ್ ಹಾಕಿದೆ. ಒಂದಕ್ಕೆ ಆಗಲೇ ಸಣ್ಣ ಕುಳಿ ಬಿದ್ದಿತ್ತು, ತುಂಬಿಸಬೇಕಾಯಿತು. ಕೊನೆಯ ಭೇಟಿಗೆ ಅಜ್ಜಿ ಅವಳ ನಾಲ್ಕು ವರ್ಷದ ತಮ್ಮನನ್ನೂ ಕರೆತಂದಿದ್ದರು. "ಇವನಿಗೇನೂ ನೋವಿಲ್ಲ ಡಾಕ್ಟ್ರೇ, ಸುಮ್ಮನೆ ಒಂದ್ಸಲ ನೋಡಿಬಿಡಿ" ಎಂದರು. ತುಟಿ ಎತ್ತಿ ನೋಡಿದೆ. ಮೇಲಿನ ಎರಡು ಹಲ್ಲುಗಳ ಅಂಚಿನಲ್ಲಿ ಬಿಳಿ ಗೆರೆ ಇತ್ತು. ವಾರ್ನಿಷ್ ಹಚ್ಚಿ, ರಾತ್ರಿಯ ಹಾಲಿನ ಸಕ್ಕರೆ ನಿಲ್ಲಿಸಲು ಹೇಳಿ, ಆರು ತಿಂಗಳ ನಂತರದ ತಾರೀಕು ಬರೆದುಕೊಟ್ಟೆ. ಚೀಟಿಯನ್ನು ಅಜ್ಜಿಯೇ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.